ಹೊಳೆ ನೋಡುವ ನೆಪ

ಮಕ್ಕಳೇ, ನಾವು ಟ್ಯೂಷನ್ನಿಗೆ ಹೋದ ಮೇಲೆ ದಿನಾ ಸಂಜೆ ಎಲ್ಲಿಗೆ ಹೋಗುತ್ತೀರಿ ಅಜ್ಜಿ ಎಂದು ನೀವಿಬ್ಬರೂ ಒಮ್ಮೆ ಕೇಳಿದ್ದಿರಿ. ಹೊಳೆ ನೋಡಲಿಕ್ಕೆ ಎಂದಿದ್ದೆ. ಪೂರ್ತಿ ಹೇಳಲು ಬಾಯಿ ಬರಲಿಲ್ಲ. ನನಗೆ ಮೊದಲಿನಿಂದಲೂ ಹಾಗೆಯೇ, ಎದುರಿಗೆ ಜನ ಕೂತರೆ ಮಾತು ಗಂಟಲಲ್ಲಿ ನಿಲ್ಲುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ನಾವು ಮನೆಯಲ್ಲಿ ಆಡುವ ಅರೆಭಾಷೆಯನ್ನು ಬರೆದು ಅಭ್ಯಾಸವಿಲ್ಲ. ನಮ್ಮೂರು ಪಂಜದ ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೆ ಕಲಿತ ಕನ್ನಡ ನನಗೆ ಸಾಕಾಗುತ್ತದೆ.

ಕಳೆದ ಆಟಿ ತಿಂಗಳಲ್ಲಿ, ಜೋರು ಮಳೆಯ ಹೊತ್ತಿಗೆ, ನಿಮ್ಮ ಅಜ್ಜ ತೀರಿಕೊಂಡರು. ದೀಪಾವಳಿ ಕಳೆದ ಮೇಲೆ ನಿಮ್ಮ ಅಮ್ಮ ನನ್ನನ್ನು ಪಂಜದಿಂದ ಇಲ್ಲಿಗೆ, ಉಪ್ಪಿನಂಗಡಿಯ ಈ ಮೂರನೆಯ ಮಾಳಿಗೆಗೆ ಕರೆದುಕೊಂಡು ಬಂದಳು. ಇಲ್ಲಿ ನನಗೆ ಕೊರತೆಯೇನೂ ಇಲ್ಲ. ಅನ್ನ ಕುಕ್ಕರಿನಲ್ಲಿ ಆಗುತ್ತದೆ, ಬಟ್ಟೆ ಮಷಿನಿನಲ್ಲಿ ಒಗೆದು ಬರುತ್ತದೆ. ಬೆಳಿಗ್ಗೆ ನೀವೆಲ್ಲ ಹೊರಟ ಮೇಲೆ ಫ್ರಿಜ್ಜಿನ ಸದ್ದು ಮಾತ್ರ ಉಳಿಯುತ್ತದೆ. ಎದುರುಮನೆಯ ಬಾಗಿಲು ತೆರೆದ ಸದ್ದಾದರೆ ನಾನೂ ಚಪ್ಪಲಿ ಸರಿಮಾಡುವವಳ ಹಾಗೆ ನಮ್ಮ ಬಾಗಿಲು ತೆರೆಯುತ್ತಿದ್ದೆ. ಆ ಮನೆಯ ಹೆಂಗಸು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮುಂದೆ ಏನು ಹೇಳುವುದೆಂದು ಯೋಚಿಸುವಷ್ಟರಲ್ಲಿ ಲಿಫ್ಟು ಬಂದುಬಿಡುತ್ತಿತ್ತು.

ನನ್ನ ಕಾಲು ಬಾತದ್ದನ್ನು ನೋಡಿ ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದರು.

"ಸಂಜೆ ಒಮ್ಮೆ ಕೆಳಗೆ ಇಳಿ ಅವ್ವ," ಎಂದಳು ನಿಮ್ಮ ಅಮ್ಮ. "ಎಷ್ಟು ಹೊತ್ತು ಅಂತ ಗೋಡೆ ನೋಡಿ ಕೂರುದು?"

"ಯಾರಾದ್ರೂ ಎಂತಾದ್ರೂ ಕೇಳಿದ್ರೆ?"

"ಕೇಳ್ಲಿಕ್ಕೆ ಯಾರಿಗೆ ಪುರುಸೊತ್ತುಂಟು ಮಾರಾಯ್ತಿ! ನಿನ್ನನ್ನು ನಿಲ್ಲಿಸಿ ಭಾಷಣ ಮಾಡು ಅಂತ ಯಾರೂ ಹೇಳುದಿಲ್ಲ."

ಅವಳು ಹೇಳಿದ್ದು ಸರಿ. ಯಾರೂ ಏನೂ ಕೇಳಲಿಲ್ಲ.

ಮೊದಲ ಎರಡು ದಿನ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಂದೆ. ಮೂರನೆಯ ದಿನ ಕಾಲು ತಾನಾಗಿ ಮೀನು ಮಾರ್ಕೆಟ್ಟಿನ ಪಕ್ಕದ ಇಳಿಜಾರಿಗೆ ತಿರುಗಿತು. ಆ ಇಳಿಜಾರಿನ ಕೊನೆಗೆ ಹೊಳೆಬದಿಯ ಹಳೆಪೇಟೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾವು ಇದ್ದದ್ದು ಅಲ್ಲಿ. ನಿಮ್ಮ ಅಮ್ಮ ನಡೆಯಲು ಕಲಿತದ್ದು ಆ ಬೀದಿಯಲ್ಲಿ. ಎದುರು ಒಂದು ಕೋಣೆ, ಅದರಲ್ಲಿ ನಿಮ್ಮ ಅಜ್ಜನ ಹೊಲಿಗೆ ಅಂಗಡಿ. ಹಿಂದೆ ಎರಡು ಕೋಣೆ, ಅದರಲ್ಲಿ ನಮ್ಮ ಸಂಸಾರ. ಕಣ್ಣು ಮಂಜಾಗಿ ಸೂಜಿಗೆ ನೂಲು ಹಾಕಲಾಗದ ಹಾಗೆ ಆದಾಗ ಅವರು ಅಂಗಡಿ ಬಿಟ್ಟುಕೊಟ್ಟು ಪಂಜಕ್ಕೆ ಹೊರಟರು, ನಾನೂ ಹೊರಟೆ.

ಸೇತುವೆ ಇಲ್ಲದ ಕಾಲದಲ್ಲಿ ಉಪ್ಪು, ಒಣಮೀನು, ಹಂಚು ಎಲ್ಲ ದೋಣಿಯಲ್ಲಿ ಬಂದು ಆ ಬೀದಿಯಲ್ಲಿ ಇಳಿಯುತ್ತಿತ್ತಂತೆ. ಈಗಲೂ ಕೆಲವು ಮನೆಗಳಿಗೆ ಕೆಳಗೆ ಹಲಗೆ ಬಾಗಿಲಿನ ಅಂಗಡಿ, ಮೇಲೆ ಮರದ ಕಟಕಟೆಯ ಮಹಡಿ ಇದೆ. ದೊಡ್ಡ ನೆರೆ ಬಂದ ವರ್ಷ ನೀರು ಎಲ್ಲಿವರೆಗೆ ಹತ್ತಿತ್ತು ಎಂಬ ಗೆರೆ ಒಂದು ಗೋಡೆಯಲ್ಲಿತ್ತು. ಅದರ ಮೇಲೆ ಈಗ ಮೊಬೈಲ್ ಕಂಪೆನಿಯ ಬಣ್ಣ ಬಳಿದಿದ್ದಾರೆ. ನಮ್ಮ ಹೊಲಿಗೆ ಅಂಗಡಿ ಮುಚ್ಚಿದೆ, ಶಟರಿನ ಬುಡದಲ್ಲಿ ಹುಲ್ಲು. ಅದರ ಎದುರಿಗೊಂದು ಹೊಸ ಬೇಕರಿ.

ಬೀದಿ ಮುಗಿದಲ್ಲಿ ಮೆಟ್ಟಿಲು, ಮೆಟ್ಟಿಲು ಮುಗಿದಲ್ಲಿ ನೀರು. ಕುಮಾರಧಾರೆ ಬಂದು ನೇತ್ರಾವತಿಗೆ ಸೇರುವುದು ಅಲ್ಲಿಂದ ಕಾಣುತ್ತದೆ. ನಮ್ಮ ಪಂಜದ ತೋಡಿನ ನೀರೂ ಕುಮಾರಧಾರೆಗೆ ಸೇರಿ ಇಲ್ಲಿಗೇ ಬರುತ್ತದೆ. ಅದಕ್ಕೆ ಬರಲು ಯಾರನ್ನೂ ಕೇಳಬೇಕಾಗಿಲ್ಲ. ಮೆಟ್ಟಿಲಲ್ಲಿ ಕೂತು, ಆಚೆ ದಡದ ದೀಪಗಳು ಹತ್ತುವುದನ್ನು ನೋಡಿ, ಮಸೀದಿಯ ಬಾಂಗ್ ಮತ್ತು ದೇವಸ್ಥಾನದ ಗಂಟೆ ಒಂದರ ಹಿಂದೆ ಒಂದು ಕೇಳಿದ ಮೇಲೆ ಎದ್ದು ಬರುತ್ತಿದ್ದೆ. ಇದು ಹೊಳೆ ನೋಡುವ ಭಾಗ. ಹೇಳದೆ ಉಳಿದ ಭಾಗ ನಮ್ಮ ಹಳೆಮನೆಯ ಪಕ್ಕದ ಮನೆ.

ಅದು ಗೋಣಿಚೀಲದ ವ್ಯಾಪಾರ ಮಾಡುತ್ತಿದ್ದ ಒಬ್ಬ ಬ್ಯಾರಿ ಮುಸ್ಲಿಂ ಸಾಹುಕಾರರ ಮನೆ. ಅವರ ಹಿತ್ತಿಲು, ನಮ್ಮ ಹಿತ್ತಿಲು, ಎರಡಕ್ಕೂ ಸೇರಿ ನಡುವೆ ಒಂದು ಬಾವಿ. ಗಡಿಯ ಗೋಡೆ ಬಾವಿಯ ಮೇಲೆಯೇ ಹಾದುಹೋಗಿತ್ತು. ಆ ಕಡೆ ಒಂದು ರಾಟೆ, ಈ ಕಡೆ ಒಂದು ರಾಟೆ. ಸಾಹುಕಾರರ ಹೆಂಡತಿ ಅತ್ತ ನೀರು ಸೇದುವಾಗ ನಾನು ಇತ್ತ ಸೇದುತ್ತಿದ್ದೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಅವರ ಕೊಡದ ಸದ್ದು ನಿಂತ ಮೇಲೆಯೇ ಬಾವಿಗೆ ಹೋಗುತ್ತಿದ್ದೆ, ಮಾತಾಡಬೇಕಾಗಿ ಬಂದೀತೆಂದು. ಒಂದು ದಿನ ಅವರು ಕೊಡ ಕೆಳಗಿಟ್ಟು ಸದ್ದಿಲ್ಲದೆ ಕಾದು ನಿಂತಿದ್ದರು.

"ಸಿಕ್ಕಿದ್ರಿ!" ಎಂದರು. "ಎಂತ ಅಕ್ಕ, ನಾನು ಕಚ್ಚುದಿಲ್ಲ."

ಅವರು ನನ್ನನ್ನು ಅಕ್ಕ ಎಂದರು, ನಾನೂ ಅವರನ್ನು ಅಕ್ಕ ಎಂದೆ. ನಮ್ಮಲ್ಲಿ ದೊಡ್ಡವರು ಯಾರೆಂದು ಇವತ್ತಿಗೂ ತೀರ್ಮಾನವಾಗಿಲ್ಲ. ನನ್ನ ಬಾಣಂತನದ ಬಿಸಿನೀರಿಗೆ ಸೇದಿ ಕೊಟ್ಟವರು ಅವರು. ನಾನು ಜನರ ಹತ್ತಿರ ಮಾತಾಡಿದ್ದೆಲ್ಲ ಕೂಡಿಸಿದರೆ ಮುಕ್ಕಾಲು ಪಾಲು ಆ ಬಾವಿಯ ಮೇಲೆ ಆದೀತು. ಅವರಿಗೆ ಬಣ್ಣದ ಹುಚ್ಚು. ಕೆಂಪು, ಗಿಳಿಹಸಿರು, ಅರಶಿನ, ಅದರ ಮೇಲೆ ಅಂಗೈಯಷ್ಟು ದೊಡ್ಡ ಹೂವು. ಬಟ್ಟೆಯನ್ನು ಗೋಡೆಯ ಮೇಲಿಂದ ದಾಟಿಸಿ, "ಇದನ್ನು ನಿಮ್ಮವರ ಹತ್ರ ಕೊಡಿ, ಕೈ ಸ್ವಲ್ಪ ಸಡಿಲ ಇರ್ಲಿ," ಎನ್ನುತ್ತಿದ್ದರು. ನಿಮ್ಮ ಅಜ್ಜ ಅದನ್ನು ಬಿಡಿಸಿ ನೋಡಿ, "ಈ ಬಟ್ಟೆ ಹೊಲೀಲಿಕ್ಕೆ ದೀಪ ಹಾಕುದು ಬೇಡ," ಎಂದು ನಗುತ್ತಿದ್ದರು.

ಈಗ ಒಂದು ಕ್ರಮದ ವಿಷಯ ಹೇಳಬೇಕು. ಗಂಡ ಹೋದ ಹೆಂಗಸು ತಾನಾಗಿ ಇನ್ನೊಬ್ಬರ ಮನೆ ಹತ್ತಬಾರದು. ಆ ಮನೆಯವರು ಮೊದಲು ಬಂದು ಎರಡು ಮಾತಾಡಿ ಹೋಗಬೇಕು. ಆಮೇಲೆ ಕರೆದು ಊಟ ಹಾಕಬೇಕು. ಉಂಡ ಮೇಲೆ ಆ ಮನೆಗೆ ಮೊದಲಿನಂತೆ ಹೋಗಿ ಬರಬಹುದು. ಎಲ್ಲರಲ್ಲೂ ಹೀಗೆಯೇ ಇದೆಯೋ ಗೊತ್ತಿಲ್ಲ, ನನ್ನ ಅವ್ವ ನನಗೆ ಹೇಳಿಕೊಟ್ಟದ್ದು ಹೀಗೆ. ಬಾವಿಯಾಚೆಯ ಅಕ್ಕನಿಗೂ ಇದು ಗೊತ್ತು. ನನ್ನ ಅಪ್ಪ ತೀರಿದಾಗ ಅವ್ವ ಹೇಗೆ ಕೂತಿದ್ದಳೆಂದು ನಾನೇ ಅವರಿಗೆ ಹೇಳಿದ್ದೆ.

ನಿಮ್ಮ ಅಜ್ಜನ ಸುದ್ದಿ ಅವರಿಗೆ ಮುಟ್ಟಿತ್ತು. ಹಳೆಪೇಟೆಯಿಂದ ಪಂಜಕ್ಕೆ ಬಂದಿದ್ದ ಬಟ್ಟೆ ಅಂಗಡಿಯವರು, "ಗೋಣಿ ಸಾಹುಕಾರರ ಮನೆಗೆ ನಾನೇ ಹೇಳಿದ್ದೇನೆ," ಎಂದಿದ್ದರು. ಆಟಿ ಕಳೆಯಿತು, ನವರಾತ್ರಿ ಕಳೆಯಿತು. ಅವರು ಬರಲಿಲ್ಲ, ಫೋನೂ ಇಲ್ಲ. ಮಳೆ, ದೂರ, ಅವರಿಗೂ ವಯಸ್ಸು ಎಂದು ನಾನೇ ಅವರ ಪರವಾಗಿ ಮಾತಾಡಿಕೊಂಡೆ. ಉಪ್ಪಿನಂಗಡಿಗೆ ಬಂದ ಮೇಲೆ ಆ ಕಾರಣಗಳೆಲ್ಲ ಮುಗಿದವು. ಈಗ ನಾನು ಅವರ ಬಾಗಿಲ ಮುಂದೆಯೇ ದಿನಾ ಹಾದುಹೋಗುತ್ತಿದ್ದೆ. ನೋಡಿದರೆ ಕರೆದಾರು. ಕರೆಯದಿದ್ದರೆ ಈ ಊರಿನಲ್ಲಿ ನನಗೆ ಉಳಿದಿದ್ದ ಒಬ್ಬರೂ ಇಲ್ಲ ಎಂದು ಅರ್ಥ. ನನಗೆ ತಿಳಿಯಬೇಕಾಗಿದ್ದದ್ದು ಅಷ್ಟೇ, ತಿಳಿಯಲು ಹೆದರಿಕೆಯಾದದ್ದೂ ಅಷ್ಟೇ.

ಬಾಗಿಲು ಮುಚ್ಚಿರುತ್ತಿತ್ತು. ಮಹಡಿಯ ಕಿಟಕಿ ಅರ್ಧ ತೆರೆದಿರುತ್ತಿತ್ತು. ಆ ಮನೆ ಹತ್ತಿರ ಬಂದಾಗ ನನ್ನ ನಡಿಗೆ ನಿಧಾನವಾಗುತ್ತಿತ್ತು, ಕಿಟಕಿಯ ಕೆಳಗೆ ಬಂದ ಕೂಡಲೇ ಜೋರಾಗುತ್ತಿತ್ತು. ಒಂದು ಸಂಜೆ ಬೇಕರಿಯವನು ನೋಡಿಯೇ ಬಿಟ್ಟ.

"ಯಾರನ್ನು ಹುಡುಕುದು ಅಮ್ಮ?"

"ಯಾರನ್ನೂ ಇಲ್ಲ. ಹೊಳೆಗೆ."

"ಹೊಳೆ ಸೀದಾ. ತಪ್ಪಿಸಿಕೊಳ್ಳುವ ಹೆದರಿಕೆ ಬೇಡ, ಮುಂದೆ ರಸ್ತೆಯೇ ಇಲ್ಲ," ಎಂದು ನಕ್ಕ.

ಆ ಮನೆಯವರು ಹೇಗಿದ್ದಾರೆ ಎಂದು ಕೇಳಿದ್ದರೆ ಅವನು ಆಗಲೇ ಹೇಳಿಬಿಡುತ್ತಿದ್ದ. ನಾನು ಒಂದು ಬನ್ನು ಕೊಂಡು ಹೊಳೆಗೆ ಹೋದೆ. ತಿನ್ನಲು ಮನಸ್ಸಾಗಲಿಲ್ಲ, ಮೀನುಗಳಿಗೆ ಹಾಕಿದೆ.

ಹೀಗೆ ಒಂದು ತಿಂಗಳಿಗೂ ಹೆಚ್ಚು ಕಳೆಯಿತು. ಮನೆಗೆ ಬಂದಾಗ ನಿಮ್ಮ ಅಮ್ಮ, "ವಾಕಿಂಗ್ ಹೇಗಾಯ್ತು ಅವ್ವ?" ಎನ್ನುತ್ತಿದ್ದಳು. ಒಳ್ಳೆಯದಾಯಿತು ಎನ್ನುತ್ತಿದ್ದೆ. ಕಾಲಿನ ಬಾವು ನಿಜವಾಗಿಯೂ ಇಳಿದಿತ್ತು.

ಜನವರಿಯಲ್ಲಿ ನಳ್ಳಿ ನೀರಿನ ಪೈಪು ಹಾಕಲು ಬೀದಿಯನ್ನು ಅಗೆದು ಹಾಕಿದರು. ಎದುರಿನಿಂದ ಹೋಗಲು ಜಾಗವಿಲ್ಲ, ಹಿಂದಿನ ಓಣಿಯಿಂದ ಸುತ್ತಿ ಹೋಗಬೇಕು. ಅಲ್ಲಿಯವರೆಗೆ ನಾನು ಆ ಓಣಿಗೆ ಕಾಲಿಟ್ಟಿರಲಿಲ್ಲ. ಅಲ್ಲಿಂದ ನಮ್ಮ ಹಳೆಯ ಹಿತ್ತಿಲು ಕಾಣುತ್ತದೆ, ನಿಮ್ಮ ಅಜ್ಜ ಸ್ನಾನ ಮಾಡುತ್ತಿದ್ದ ಕಲ್ಲು ಕಾಣುತ್ತದೆ. ತಲೆ ತಗ್ಗಿಸಿ ದಾಟಿಬಿಡುವ ಎಂದುಕೊಂಡೆ. ಆದರೂ ತಲೆ ತಾನಾಗಿ ಮೇಲೆದ್ದಿತು. ಬಾವಿಗೆ ಕಬ್ಬಿಣದ ಬಲೆ ಹಾಕಿ ಪಂಪು ಇಟ್ಟಿದ್ದರು. ಅದರಾಚೆ ಅಕ್ಕನ ಹಿತ್ತಿಲಿನಲ್ಲಿ ಬಟ್ಟೆ ಒಣಗಿಸುವ ಹಗ್ಗ ಇತ್ತು.

ಹಗ್ಗದ ತುಂಬ ಬಿಳಿ. ಬಿಳಿ ಕುಪ್ಪಸ, ಬಿಳಿ ಬಟ್ಟೆ, ಬಿಳಿ ತಲೆವಸ್ತ್ರ. ಒಂದು ಹೂವೂ ಇಲ್ಲ, ಒಂದು ಗೆರೆ ಬಣ್ಣವೂ ಇಲ್ಲ.

ನಾನು ಆ ಹಗ್ಗವನ್ನು ಇಪ್ಪತ್ತು ವರ್ಷ ನೋಡಿದವಳು. ಅವರ ಅತ್ತೆ ಹಾಗೆ ಬಿಳಿ ಉಟ್ಟು ಒಳಗೆ ಕೂತಿದ್ದ ದಿನಗಳೂ ನನಗೆ ನೆನಪಿವೆ. ಗಂಡ ತೀರಿಹೋದರೆ ಅವರಲ್ಲಿ ಇದ್ದತ್ ಎಂದು ನಾಲ್ಕು ತಿಂಗಳು ಹತ್ತು ದಿನ ಹೆಂಗಸು ಮನೆಬಿಟ್ಟು ಹೊರಗೆ ಹೋಗುವುದಿಲ್ಲ. ಗೋಣಿ ಸಾಹುಕಾರರು ಹೋಗಿಬಿಟ್ಟಿದ್ದರು. ಅಕ್ಕ ಬಂದು ಕರೆಯಲಿ ಎಂದು ನಾನು ಬೀದಿಯಲ್ಲಿ ನಡೆಯುತ್ತಿದ್ದೆ, ಅವರು ಬರಲಾರದೆ ಒಳಗೆ ಕೂತಿದ್ದರು.

ಓಣಿಯಲ್ಲಿ ನಿಂತೆ. ಸಾವಾದ ಮನೆಗೆ ಉಳಿದವರು ಹೋಗಬೇಕು. ಸಾವಾದ ಮನೆಯವಳು ಎಲ್ಲಿಗೂ ಹೋಗಬಾರದು. ಎರಡೂ ಮನೆಯಲ್ಲಿ ಸಾವಾದರೆ ಮೊದಲು ಯಾರು ಹೋಗಬೇಕೆಂದು ಅವ್ವ ಹೇಳಿಕೊಟ್ಟಿರಲಿಲ್ಲ. ಕೇಳೋಣವೆಂದರೆ ಅವ್ವ ಇಲ್ಲ, ನಿಮ್ಮ ಅಜ್ಜನೂ ಇಲ್ಲ. ಹಿತ್ತಿಲಿನ ಗೇಟಿನ ಚಿಲಕ ನಾನೇ ತೆಗೆದೆನೋ, ತೆರೆದೇ ಇತ್ತೋ, ಈಗ ನೆನಪಿಲ್ಲ. ಅಡುಗೆಕೋಣೆಯ ಬಾಗಿಲಲ್ಲಿ ನಿಂತು, "ಅಕ್ಕಾ," ಎಂದೆ. ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಕರೆದೆ.

ಅವರು ಬಂದರು. ಬಿಳಿ ಬಟ್ಟೆಯಲ್ಲಿ ಸಣ್ಣಗಾಗಿದ್ದರು.

"ಬಂದ್ರಾ?" ಎಂದರು. "ನೀವು ಮನುಷ್ಯರಾ, ಪ್ರೇತವಾ? ದಿನಾ ಸಂಜೆ ಕಿಟಕಿಯ ಕೆಳಗೆ ಬರುದು, ಓಡುದು. ಬರುದು, ಓಡುದು!"

"ನೀವು ನೋಡ್ತಿದ್ರಾ?"

"ನೋಡುದಲ್ಲದೆ ನನಗೆ ಬೇರೆ ಎಂತ ಕೆಲಸ ಉಂಟು? ಇವತ್ತು ಬರ್ತಾರೆ, ಇವತ್ತು ಬರ್ತಾರೆ ಅಂತ ಕೂರುದು. ನೀವು ಸೀದಾ ಹೊಳೆಗೆ. ಹೊಳೆಯಲ್ಲಿ ಎಂತ ಉಂಟು ಅಕ್ಕ? ನೀರು."

"ಒಮ್ಮೆ ಕರೀಬಹುದಿತ್ತಲ್ಲ."

"ಹೇಗೆ ಕರೆಯುದು? ಈ ಬಿಳಿಯಲ್ಲಿ ಕಿಟಕಿಯಿಂದ ಬೀದಿಗೆ ಕೂಗ್ಲಿಕ್ಕೆ ಆಗ್ತದಾ? ಮತ್ತೆ ನಾನು ಎಣಿಸಿದ್ದು, ನಿಮಗೆ ಇವರ ವಿಷಯ ಗೊತ್ತುಂಟು, ನಿಮ್ಮದೇ ದುಃಖ ಮುಗಿಯದೆ ಇನ್ನೊಂದು ಸಾವಿನ ಮನೆ ಹತ್ತಬಾರದು ಅಂತ ನಿಮ್ಮಲ್ಲಿ ಕ್ರಮ ಇರಬಹುದು ಅಂತ. ನಿಮ್ಮ ಕ್ರಮ ಒಂದಾ ಎರಡಾ!"

ನಿಮ್ಮ ಅಜ್ಜನ ಸುದ್ದಿ ಬಂದ ದಿನ ಸಾಹುಕಾರರು ಮಂಗಳೂರಿನ ಆಸ್ಪತ್ರೆಯಲ್ಲಿ ಇದ್ದರಂತೆ. ಅಕ್ಕ ಅವರ ಮಂಚದ ಪಕ್ಕ ನೆಲದಲ್ಲಿ ಮಲಗಿಕೊಂಡು ತಿಂಗಳುಗಟ್ಟಲೆ ಕಳೆದರು. ದೀಪಾವಳಿಯ ಹೊತ್ತಿಗೆ ಸಾಹುಕಾರರು ಹೋದರು.

"ನಿಮ್ಮವರ ಫೋನಿಗೆ ಎಷ್ಟು ಸಲ ಮಾಡಿದೆ ಗೊತ್ತುಂಟಾ?" ಎಂದರು.

"ಅದು ಕಪಾಟಿನಲ್ಲಿ ಉಂಟು. ಚಾರ್ಜ್ ಇಲ್ಲ."

"ಇವರ ಫೋನಿನ ಸಿಮ್ಮನ್ನು ಮಗ ತೆಗೆದ. ನೋಡಿ, ಗಂಡಸರು ಹೋಗುವಾಗ ನಮ್ಮ ನಂಬರನ್ನೂ ತಕ್ಕೊಂಡು ಹೋದ್ರು."

ಅದಕ್ಕೆ ನಮಗೆ ನಗು ಬಂತು. ನಗುತ್ತಾ ನಗುತ್ತಾ ಅವರು ಬಿಳಿ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ನಿಮ್ಮ ಅಜ್ಜ ತೀರಿದ ದಿನದಿಂದ ನಾನು ಜನರೆದುರು ಅತ್ತಿರಲಿಲ್ಲ. ಆ ಅಡುಗೆಕೋಣೆಯ ಮೆಟ್ಟಿಲಲ್ಲಿ ಅತ್ತೆ.

ಕತ್ತಲಾಗುವಾಗ ಸುಮ್ಮನೆ ಎದ್ದು ಹೊರಟೆ. ಸಾವಿನ ಮನೆಯಿಂದ ಹೊರಡುವಾಗ ಬರುತ್ತೇನೆ ಎಂದು ಹೇಳಬಾರದು. ಗೇಟಿನವರೆಗೆ ಹೋಗಿದ್ದೆ, ಹಿಂದಿನಿಂದ ಸ್ವರ ಬಂತು.

"ಎಂತ ಅಕ್ಕ, ಹೇಳದೆ ಹೋಗುದು?"

"ಹೇಳಬಾರದಲ್ಲ."

"ನಮ್ಮಲ್ಲಿ ಹಾಗೆಲ್ಲ ಇಲ್ಲ. ಬರ್ತೇನೆ ಅಂತ ಬಾಯಿಬಿಟ್ಟು ಹೇಳಿ ಹೋಗಿ. ಇಲ್ಲದಿದ್ರೆ ನಾಳೆ ಪುನಃ ಕಿಟಕಿಯ ಕೆಳಗೆ ಓಡುವವರು ನೀವು."

ಹೇಳಿದೆ. ಹೇಳುವಾಗ ಹೆದರಿಕೆಯಾಯಿತು, ಆದರೂ ಹೇಳಿದೆ. ಮರುದಿನ ಹೋದಾಗ ಅವರು ಗಂಜಿ, ಚಟ್ನಿ, ಉಪ್ಪಿನಕಾಯಿ ಇಟ್ಟು ನನ್ನನ್ನು ಮಣೆಯ ಮೇಲೆ ಕೂರಿಸಿದರು. "ಕರೆದು ಊಟ ಹಾಕಬೇಕಲ್ವಾ ನಿಮ್ಮಲ್ಲಿ? ಮೀನು ಇಲ್ಲ, ಮನಸ್ಸು ಬರುದಿಲ್ಲ. ಉಣ್ಣಿ," ಎಂದರು. ಮೂರು ದಿನ ನಾನು ರಾತ್ರಿ ಊಟ ಬೇಡವೆಂದಾಗ ನಿಮ್ಮ ಅಮ್ಮ ಗ್ಯಾಸ್ಟ್ರಿಕ್ ಮಾತ್ರೆ ತಂದಳಲ್ಲ, ಅದಕ್ಕೆ ಕಾರಣ ಅವರು ದಿನಾ ಬಡಿಸಿದ ಆ ಗಂಜಿ.

ಅಲ್ಲಿಂದ ಮುಂದೆ ನಾನು ಹೊಳೆಯ ಕಡೆ ಹೋಗಲೇ ಇಲ್ಲ. ದಿನಾ ಓಣಿಯಿಂದ ಹೋಗಿ ಆ ಮೆಟ್ಟಿಲಲ್ಲಿ ಕೂರುತ್ತಿದ್ದೆ. ದೊಡ್ಡ ಮಾತುಕತೆಯೇನೂ ಆಗುತ್ತಿರಲಿಲ್ಲ. ನಿಮ್ಮ ಅಜ್ಜ ಕೊನೆಗೆ ಏನು ತಿಂದರು, ಸಾಹುಕಾರರು ಕೊನೆಗೆ ಏನು ಕೇಳಿದರು, ಅಷ್ಟೇ. ಒಂದು ದಿನ ಹೇಳಿದ್ದನ್ನೇ ಮರುದಿನವೂ ಹೇಳಿದೆವು. ಕೇಳಿ ಬೇಜಾರಾಯಿತು ಎಂದು ಇಬ್ಬರೂ ಅನ್ನಲಿಲ್ಲ. ಬೇರೆಯವರ ಹತ್ತಿರ ಒಂದೇ ಸಾವನ್ನು ಎಷ್ಟು ಸಲ ಹೇಳಲಾಗುತ್ತದೆ? ನಿಮ್ಮ ಹತ್ತಿರವೂ ನಾನು ಒಮ್ಮೆಯೇ ಹೇಳಿದ್ದು.

ಅವರ ಇದ್ದತ್ ಮುಗಿದದ್ದು ಮಾರ್ಚಿನಲ್ಲಿ. ಅಂದು ಗಿಳಿಹಸಿರು ಉಟ್ಟಾರು ಎಂದುಕೊಂಡಿದ್ದೆ. ಉಡಲಿಲ್ಲ, ಬೂದಿ ಬಣ್ಣದ್ದು ಉಟ್ಟಿದ್ದರು. ಅವರ ಮಗಳು ಕುಂಬ್ರದಿಂದ ಕಾರು ತಂದಿದ್ದಳು. ಒಬ್ಬರೇ ಈ ಮನೆಯಲ್ಲಿ ಇರುವುದು ಬೇಡವೆಂದು ಮಕ್ಕಳೆಲ್ಲ ಮೊದಲೇ ಮಾತಾಡಿಕೊಂಡಿದ್ದರು. ಮನೆಯನ್ನು ಯಾರೋ ಗೋಡೌನಿಗೆ ಕೇಳಿದ್ದಾರಂತೆ. ಇದು ಅಕ್ಕನಿಗೆ ವಾರದ ಮೊದಲೇ ಗೊತ್ತಿತ್ತು, ನನಗೆ ಅಂದೇ ಹೇಳಿದ್ದು.

"ಮೊದಲೇ ಹೇಳಿದ್ರೆ ನೀವು ಆ ದಿನದಿಂದಲೇ ಬರುದು ನಿಲ್ಲಿಸ್ತಿದ್ರಿ," ಎಂದರು. ನನ್ನನ್ನು ಚೆನ್ನಾಗಿ ಬಲ್ಲವರು. "ಕುಂಬ್ರ ಎಂತ ಮಕ್ಕಾದಷ್ಟು ದೂರವಾ? ಪುತ್ತೂರಿಗೆ ಒಂದು ಬಸ್ಸು, ಅಲ್ಲಿಂದ ಸುಳ್ಯದ ಕಡೆ ಹೋಗುವ ಇನ್ನೊಂದು ಬಸ್ಸು. ಜಂಕ್ಷನ್ನಿನಲ್ಲೇ ಮಗಳ ಮನೆ. ಈ ಸಲ ಯಾರು ಮೊದಲು ಅಂತ ಕಾಯುದು ಬೇಡ. ನೀವೇ ಬನ್ನಿ. ನನ್ನನ್ನು ಒಬ್ಬಳನ್ನೇ ಅವಳು ಎಲ್ಲಿಗೂ ಬಿಡುದಿಲ್ಲ, ಮಂಡಿ ಹೋಗಿದೆ."

ಕಾರು ತಿರುಗಿ ಹೋಯಿತು. ನಾನು ಬರ್ತೇನೆ ಎಂದು ಹೇಳಿದ್ದೆ.

ಅದಾಗಿ ಮೂರು ವಾರ ಕಳೆಯಿತು. ಈಗ ಪುನಃ ಹೊಳೆಯ ಮೆಟ್ಟಿಲಲ್ಲಿ ಕೂರುತ್ತೇನೆ. ಬಿಸಿಲಿಗೆ ನೀರು ಇಳಿದು ನಡುವೆ ಮರಳು ಎದ್ದಿದೆ. ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಪುತ್ತೂರು ಬಸ್ಸನ್ನು ನೋಡುತ್ತೇನೆ. ನಾನು ಒಬ್ಬಳೇ ಬಸ್ಸಿನಲ್ಲಿ ಹೋದವಳಲ್ಲ. ನಿಮ್ಮ ಅಜ್ಜ ಟಿಕೇಟು ಮಾಡಿಸುತ್ತಿದ್ದರು, ನಾನು ಕಿಟಕಿಯ ಹತ್ತಿರ ಕೂರುತ್ತಿದ್ದೆ. ಕಂಡಕ್ಟರು ಎಲ್ಲಿಗೆ ಎಂದು ಕೇಳಿದಾಗ ಸ್ವರ ಹೊರಡದೆ ಹೋದರೆ, ಬಸ್ಸು ಹೊರಟುಬಿಡುತ್ತದೆ. ಪುತ್ತೂರಿನಲ್ಲಿ ಇಳಿದ ಮೇಲೆ ಸುಳ್ಯದ ಬಸ್ಸು ಯಾವ ಕಡೆ ನಿಲ್ಲುತ್ತದೆಂದು ಯಾರನ್ನು ಕೇಳಲಿ? ನಿಮ್ಮ ಅಮ್ಮನಿಗೆ ಹೇಳಿದರೆ ಕಾರು ಹೊರಡಿಸುತ್ತಾಳೆ, ಅಳಿಯ ರಜೆ ಹಾಕುತ್ತಾರೆ, ಅಲ್ಲಿ ಎಲ್ಲರೂ ಸೋಫಾದಲ್ಲಿ ಕೂತು ಶರಬತ್ತು ಕುಡಿದು ಅರ್ಧ ಗಂಟೆಯಲ್ಲಿ ಎದ್ದು ಬರುತ್ತೇವೆ. ನನಗೆ ಬೇಕಾದದ್ದು ಅದಲ್ಲ.

ಶನಿವಾರ ಮಧ್ಯಾಹ್ನದ ಮೇಲೆ ನಿಮಗೆ ಟ್ಯೂಷನ್ ಇಲ್ಲವೆಂದು ನನಗೆ ಗೊತ್ತು. ನಿಮ್ಮಲ್ಲಿ ಒಬ್ಬರು ನನ್ನ ಜೊತೆ ಪುತ್ತೂರಿನವರೆಗೆ ಬಂದರೆ ಸಾಕು. ಕುಂಬ್ರದ ಬಸ್ಸು ತೋರಿಸಿ, ನಾನು ಹತ್ತುವವರೆಗೆ ನಿಂತು, ಮನೆಗೆ ವಾಪಸು ಬನ್ನಿ. ಬಸ್ಸಿನ ಒಳಗಿನದ್ದು ನಾನು ನೋಡಿಕೊಳ್ಳುತ್ತೇನೆ. ಇದನ್ನು ಓದಿದ ಮೇಲೆ ನನ್ನನ್ನು ಏನೂ ಕೇಳಬೇಡಿ, ನನಗೆ ನಾಚಿಕೆಯಾಗುತ್ತದೆ. ಶನಿವಾರ ಊಟವಾದ ಮೇಲೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತರೆ ನನಗೆ ಗೊತ್ತಾಗುತ್ತದೆ.